ಗಂಟೆಯ ಮೇಲಿನ ಗೀಟು

ಹುಣಸೆದೊಡ್ಡಿಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕುಳಿತರೆ, ನವರಾತ್ರಿ ಕಳೆದ ಮೊದಲ ಭಾನುವಾರ ಹಾಲಿನ ಡೈರಿಯ ಕಟ್ಟೆಯ ಮೇಲೆ ನಡೆದ ಸಭೆಯನ್ನು ಬಿಟ್ಟು ಬರೆಯಲು ಸಾಧ್ಯವಿಲ್ಲ. ವಾಟ್ಸಾಪ್ ಗುಂಪಿಗೆ ಇನ್ನು ಮುಂದೆ ಯಾರೂ ಗುಲಾಬಿ ಹೂವಿನ ಚಿತ್ರ ಹಾಕಿ ‘ಗುಡ್ ಮಾರ್ನಿಂಗ್’ ಹೇಳಕೂಡದು ಎಂದು ಅಂದು ತೀರ್ಮಾನವಾಯಿತು. ಊರಿಗೆ ಟಾರು ರಸ್ತೆ ಬಂದ ದಿನವೂ ಅಷ್ಟು ಜನ ಸೇರಿರಲಿಲ್ಲ. ಹಿರಿಯ ಮುನಿವೆಂಕಟಪ್ಪ ಎದ್ದು ನಿಂತು, ಹೆಗಲ ಮೇಲಿನ ಟವಲು ಸರಿಪಡಿಸಿಕೊಂಡು, ತೀರ್ಮಾನವನ್ನು ಮೊದಲು ಕನ್ನಡದಲ್ಲಿ ಹೇಳಿದ. ಕೆಳಬೀದಿಯವರಿಗಾಗಿ ತೆಲುಗಿನಲ್ಲಿ ಹೇಳಿದ. ಕೊನೆಗೆ, ಅಲ್ಲಿದ್ದವರಿಗೆಲ್ಲ ಆಗಲೇ ಎರಡು ಸಲ ಅರ್ಥವಾಗಿದ್ದರೂ, ಊರು ತಮಿಳುನಾಡಿಗೆ ಸೇರಿದ್ದರಿಂದ ಸರ್ಕಾರದ ಭಾಷೆಗೆ ಮರ್ಯಾದೆ ಕೊಡಬೇಕೆಂದು ತಮಿಳಿನಲ್ಲೂ ಹೇಳಿದ. ಹೂವಿನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಅರ್ಧ ಊರು ಗುಲಾಬಿ ಬೆಳೆದು ಹೊಸೂರಿಗೆ ಕಳಿಸಿಯೇ ಬದುಕುತ್ತಿತ್ತು. ಆದರೆ ಆ ಗುಂಪು ಇದ್ದದ್ದು ಆನೆಗೆ.

ಹಿಂದಿನ ಸಾಲಿನಲ್ಲಿ ನಿಂತಿದ್ದ ಲಕ್ಷ್ಮೀಪತಿ ಈ ತೀರ್ಮಾನಕ್ಕೆ ಎಲ್ಲರಿಗಿಂತ ಮೊದಲು ಕೈ ಎತ್ತಿದ. ಬೆಳಗ್ಗೆ ಒಂದು, ಸಂಜೆ ಒಂದು ಎಂಬಂತೆ ಅದೇ ಗುಂಪಿನಲ್ಲಿ ಕಂಪ್ಯೂಟರ್ ಸಮಾಚಾರ ಹೇಳುತ್ತಿದ್ದವನು ತಾನೇ ಎಂಬುದು ಅವನಿಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಉಳಿದವರಿಗೆಲ್ಲ ನೆನಪಿತ್ತು, ಯಾರೂ ಬಾಯಿ ಬಿಡಲಿಲ್ಲ.

“ಹೂವ ಬ್ಯಾಡ ಅಂದ್ರು,” ಎಂದು ಕೆಲಮಂಗಲದ ಮನೆಗೆ ಬಂದು ಹೆಂಡತಿ ಚಂದ್ರಲೇಖಾಗೆ ಹೇಳಿದ. “ನನ್ನ ಟಿಪ್ಸ್ ಬಗ್ಗೆ ಒಬ್ರೂ ಒಂದು ಮಾತು ಆಡ್ಲಿಲ್ಲ, ಗೊತ್ತಾ?”

“ನೀವು ಎದುರಿಗೇ ನಿಂತಿದ್ರಲ್ಲ, ಅದ್ಕೆ,” ಎಂದಳು ಅವಳು, ಸಾರಿಗೆ ಒಗ್ಗರಣೆ ಹಾಕುತ್ತ.

ಕೆಲಮಂಗಲದಿಂದ ಡೆಂಕಣಿಕೋಟೆಯ ಕಡೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಹುಣಸೆದೊಡ್ಡಿ. ಊರು ಮುಗಿದಲ್ಲಿ ಕೆರೆ, ಕೆರೆ ಮುಗಿದಲ್ಲಿ ಕಾಡು. ರಾಗಿ ತೆನೆ ಬಲಿಯುವ ಹೊತ್ತಿಗೆ ಕಾಡಿನಿಂದ ಆನೆಗಳು ಬರುತ್ತವೆ. ಕಾಡಂಚಿನಲ್ಲಿ ವಾಚರ್ ಕೆಲಸದ ಬಚ್ಚಪ್ಪ ಹೆಜ್ಜೆಯನ್ನೋ ಲದ್ದಿಯನ್ನೋ ಕಂಡರೆ ಮೊದಲೆಲ್ಲ ಊರಿನ ಒಬ್ಬರಿಗೆ ಫೋನು ಮಾಡುತ್ತಿದ್ದ. ಅವರು ಇನ್ನೊಬ್ಬರಿಗೆ ಮಾಡುತ್ತಿದ್ದರು. ಆ ಇನ್ನೊಬ್ಬರ ಫೋನು ಚಾರ್ಜಿಲ್ಲದೆ ಸತ್ತಿರುತ್ತಿತ್ತು. ಸುದ್ದಿ ಊರು ಸುತ್ತಿ ಬರುವ ಹೊತ್ತಿಗೆ ಆನೆಯ ಊಟ ಮುಗಿದಿರುತ್ತಿತ್ತು. ಇದಕ್ಕೊಂದು ದಾರಿ ಮಾಡಿದವನು ಲಕ್ಷ್ಮೀಪತಿ.

ಅವನು ಹುಟ್ಟಿದ್ದು ಹುಣಸೆದೊಡ್ಡಿಯಲ್ಲೇ. ಮದುವೆಯಾದ ಮೇಲೆ ಕೆಲಮಂಗಲದ ಬಸ್ ನಿಲ್ದಾಣದ ಎದುರು ‘ಮುನೇಶ್ವರ ಕಂಪ್ಯೂಟರ್ಸ್’ ತೆರೆದ. ಹೊಸ ಚಾರ್ಜರು, ಹಳೆಯ ಫೋನು, ಹಳೆಯ ಲ್ಯಾಪ್‌ಟಾಪು, ಯಾವ ಕಂಪನಿಯದೆಂದು ಕೇಳಬಾರದಂಥ ಇಯರ್‌ಫೋನು, ಜೆರಾಕ್ಸು, ಲ್ಯಾಮಿನೇಷನ್ನು, ಜಮೀನಿನ ಪಟ್ಟಾ ಪ್ರಿಂಟು — ಇವು ಅವನ ವ್ಯಾಪಾರ. ಚಿಕ್ಕಂದಿನಲ್ಲಿ ಬೆಂಗಳೂರು ರೇಡಿಯೋ ಕೇಳಿ ವಾರ್ತೆ ಓದುವವನಾಗಬೇಕೆಂದು ಆಸೆಪಟ್ಟಿದ್ದ. ಓದಿದ್ದು ತಮಿಳು ಶಾಲೆಯಾದ್ದರಿಂದ ಕನ್ನಡ ವಾರ್ತೆಯನ್ನು ಓದುವ ಯೋಗ ಬರಲಿಲ್ಲ. ದನಿ ಮಾತ್ರ ಗಂಟಲಲ್ಲಿ ಹಾಗೇ ಉಳಿದಿತ್ತು.

ಗುಂಪಿಗೆ ಅವನೇ ಹೆಸರಿಟ್ಟ: ‘ಆನೆ ಹುಣಸೆದೊಡ್ಡಿ’. ಊರಲ್ಲಿ ಆಡುವುದು ಕನ್ನಡ, ಓದಿದವರು ಓದಿದ್ದು ತಮಿಳು, ಓದದವರಿಗೆ ಎಲ್ಲ ಅಕ್ಷರವೂ ಒಂದೇ. ಆದ್ದರಿಂದ ಆ ಗುಂಪಿನಲ್ಲಿ ಬರವಣಿಗೆಯೇ ಇರಲಿಲ್ಲ. ಬಚ್ಚಪ್ಪ ಫೋನಿಗೆ ಬಾಯಿ ಕೊಟ್ಟು ಹೇಳುತ್ತಿದ್ದ. ಊರಿನವರು ಕಿವಿ ಕೊಟ್ಟು ಕೇಳುತ್ತಿದ್ದರು.

ಮೊದಲ ವರ್ಷವೇ ಗುಂಪಿನ ಬೆಲೆ ಗೊತ್ತಾಯಿತು. ಮೇಲ್ಬೀದಿಯ ಅಶ್ವತ್ಥಪ್ಪ ಬೆಳಕು ಹರಿಯುವ ಮೊದಲೇ ಹಾಲಿನ ಕ್ಯಾನು ಹಿಡಿದು ಕೆರೆ ಏರಿಯ ಮೇಲೆ ಡೈರಿಗೆ ನಡೆದುಹೋಗುವವನು. ಒಂದು ದಿನ ಹೊಸಿಲು ದಾಟುವ ಹೊತ್ತಿಗೆ ಫೋನು ‘ಟಿಂಗ್’ ಎಂದಿತು. ಒತ್ತಿ ಕೇಳಿದ. ಕ್ಯಾನು ಕೆಳಗಿಟ್ಟು ಕೂತ. ಬೆಳಕಾದ ಮೇಲೆ ಹೋಗಿ ನೋಡಿದರೆ ಏರಿಯ ಉದ್ದಕ್ಕೂ ಮೊರದಗಲದ ಹೆಜ್ಜೆ.

ಅಂದೇ ಬಸ್ಸು ಹತ್ತಿ ಅಂಗಡಿಗೆ ಬಂದ. “ನೀ ಮಾರಿದ ಡಬ್ಬ ನನ್ನ ಜೀವ ಉಳಿಸ್ತು ಕಣ್ಲಾ ಲಕ್ಷ್ಮೀಪತಿ,” ಎಂದು ಅಂಗಡಿಯಲ್ಲಿದ್ದ ಗಿರಾಕಿಗಳ ಎದುರು ಹೇಳಿ, ಒಂದು ಕವರಿನ ತುಂಬ ಅವರೆಕಾಯಿ ಕೊಟ್ಟು ಹೋದ. ಆಮೇಲೆ ಆ ಫೋನು ಅವನ ಮನೆಯಲ್ಲಿ ದೇವರ ಗೂಡಿನಲ್ಲಿ ಇರತೊಡಗಿತು. ಅವನ ಹೆಂಡತಿ ಪಾರ್ವತಮ್ಮ ಶುಕ್ರವಾರ ಅದಕ್ಕೂ ಒಂದು ಬೊಟ್ಟು ಕುಂಕುಮ ಇಡುತ್ತಿದ್ದಳು. ಲಕ್ಷ್ಮೀಪತಿ ಅವರಿಬ್ಬರಿಗೆ ನೆಂಟನೇನೂ ಅಲ್ಲ. ಊರ ವಾಡಿಕೆಯಂತೆ ಮಾವ, ಅತ್ತೆ ಎನ್ನುತ್ತಿದ್ದ. ಅವರೆಕಾಯಿಯ ದಿನದಿಂದ ಆ ಮಾತು ನಿಜವೇ ಆಯಿತು.

ರಾಗಿ ಕೊಯ್ಲಾಯಿತು. ಆನೆಗಳು ಹೋದವು. ಗುಂಪು ಸುಮ್ಮನಾಯಿತು. ಸುಮ್ಮನಾದ ಗುಂಪು ಲಕ್ಷ್ಮೀಪತಿಗೆ ಗಿರಾಕಿಯಿಲ್ಲದ ಅಂಗಡಿಯ ಹಾಗೆ ಕಂಡಿತು. ಅಷ್ಟು ಕಿವಿಗಳು ಖಾಲಿ ಬಿದ್ದಿವೆ! ಅವನು ಗಂಟಲು ಸರಿಮಾಡಿಕೊಂಡ.

“ಕೇಳುಗರಿಗೆ ನಮಸ್ಕಾರ. ಮುನೇಶ್ವರ ಕಂಪ್ಯೂಟರ್ಸ್‌ನಿಂದ ಲಕ್ಷ್ಮೀಪತಿ. ಇಂದಿನ ಸಮಾಚಾರ.” ಇಷ್ಟು ರೇಡಿಯೋ ಕನ್ನಡದಲ್ಲಿ ಆಗುತ್ತಿತ್ತು. ಎರಡನೆಯ ವಾಕ್ಯಕ್ಕೆ ಕಾಲು ಜಾರಿ ಊರಿನ ಕನ್ನಡಕ್ಕೆ ಬೀಳುತ್ತಿದ್ದ. “ಫೋನ್ ಚಾರ್ಜಿಗೆ ಹಾಕಿ ದಿಂಬಿನ ಕೆಳಗೆ ಇಕ್ಕಬ್ಯಾಡಿ. ಬಿಸಿಯಾಗ್ತದೆ. ಯಾರೋ ಫೋನ್ ಮಾಡಿ ಬ್ಯಾಂಕಿಂದ ಮಾತಾಡ್ತೀನಿ ಅಂದ್ರೆ, ನಮ್ ಮ್ಯಾನೇಜರ್ ಹೆಸ್ರು ಹೇಳು ನೋಡೋಣ ಅನ್ನಿ.” ಇವು ಉಪಯೋಗಕ್ಕೆ ಬಂದವು. ಜನ ಹೆಬ್ಬೆಟ್ಟು ಎತ್ತಿದರು. ಹೆಬ್ಬೆಟ್ಟು ನೋಡಿದ ಲಕ್ಷ್ಮೀಪತಿ ಇನ್ನೂ ದೂರ ಹೋದ. ಯಾವುದೋ ದೇಶದಲ್ಲಿ ಚಾಪೆಯ ಹಾಗೆ ಸುತ್ತಿಡುವ ಟಿವಿ ಬಂದಿದೆ. ಇನ್ನೊಂದು ದೇಶದಲ್ಲಿ ಡ್ರೈವರಿಲ್ಲದ ಟ್ಯಾಕ್ಸಿ ಬಂದಿದೆ. ಇನ್ನು ಮೇಲೆ ಯೋಚನೆಯನ್ನೂ ಕಂಪ್ಯೂಟರೇ ಮಾಡುತ್ತದಂತೆ.

“ಮಾಡ್ಲಿ ಬಿಡಣ್ಣ,” ಎಂದು ಗುಂಪಿನಲ್ಲೇ ದನಿ ಹಾಕಿದ ಮುನೀಶ್. “ನಮ್ಮೂರಲ್ಲಿ ಆ ಕೆಲ್ಸ ಖಾಲಿನೇ ಐತೆ.”

ಮುನೀಶ್ ಸೂಳಗಿರಿಯ ಫ್ಯಾಕ್ಟರಿಯೊಂದಕ್ಕೆ ಶಿಫ್ಟಿಗೆ ಹೋಗುವವನು. ಬೆಳಗ್ಗೆ ಬಂದು ಮಲಗುವ ಹೊತ್ತಿಗೆ ಸರಿಯಾಗಿ ಲಕ್ಷ್ಮೀಪತಿಯ ಸಮಾಚಾರ ‘ಟಿಂಗ್’ ಎನ್ನುತ್ತಿತ್ತು. ಆನೆ ಬಂದರೂ ಅದೇ ಸದ್ದು. ಕೀಬೋರ್ಡಿನೊಳಗೆ ಇರುವೆ ಬಂದರೂ ಅದೇ ಸದ್ದು. ಎದ್ದು ಕೇಳದೆ ಯಾವುದೆಂದು ಗೊತ್ತಾಗುವಂತಿರಲಿಲ್ಲ.

ಹೂವಿನ ಸಭೆ ಆದ ಕೆಲವು ದಿನಕ್ಕೆ ಅವನು ಶಿಫ್ಟು ಮುಗಿಸಿ, ಕೆಂಗಣ್ಣು ಬಿಟ್ಟುಕೊಂಡು, ಸೀದಾ ಅಂಗಡಿಗೆ ಬಂದ.

“ಅಣ್ಣ, ಒಂದು ಉಪಕಾರ ಮಾಡು. ನಿದ್ದೆ ಬರೋ ಟಿಪ್ಸ್ ಇದ್ರೆ ಹೇಳು.”

“ಯಾಕ್ಲಾ?”

“ಈ ಫೋನು ಟಿಂಗು ಟಿಂಗು ಅಂತ ಪ್ರಾಣ ತೆಗೀತೈತೆ. ಚೀಟಿ ಗುಂಪು, ಯೂನಿಯನ್ ಗುಂಪು, ನಮ್ಮ ಅತ್ತೆ ಮನೆ ಗುಂಪು...” ‘ನಿನ್ನ ಗುಂಪು’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೇ ನಿಂತಿದ್ದನಲ್ಲ, ನುಂಗಿಕೊಂಡ.

ಲಕ್ಷ್ಮೀಪತಿಯ ಮುಖ ಅರಳಿತು. ಒಬ್ಬನ ತೊಂದರೆ ಎಂದರೆ ಊರಿನ ತೊಂದರೆ. ಊರಿನ ತೊಂದರೆ ಎಂದರೆ ಒಂದು ಸಮಾಚಾರ. ಅಂದು ಸಂಜೆಯೇ ಹೇಳಿದ:

“ಕೇಳುಗರಿಗೆ ನಮಸ್ಕಾರ. ಇಂದಿನ ವಿಷಯ, ಬೇಡದ ಗುಂಪುಗಳ ಸದ್ದನ್ನು ನಿಲ್ಲಿಸುವುದು ಹೇಗೆ. ಬಿಟ್ಟು ಹೋದ್ರೆ ಬೇಜಾರ್ ಮಾಡ್ಕತಾರೆ, ಇದ್ರೆ ತಲೆನೋವು. ಈಗ ನಾನು ಹೇಳ್ತಾ ಹೋಗ್ತೀನಿ, ನೀವು ಒತ್ತುತಾ ಬನ್ನಿ. ಮೇಲ್ಗಡೆ ಗುಂಪಿನ ಹೆಸ್ರು ಕಾಣ್ತದಲ್ಲ, ಅದನ್ನ ಒತ್ತಿ. ಒತ್ತಿದ್ರಾ? ಒಂದು ಗಂಟೆ ಚಿತ್ರ ಬತ್ತದೆ, ಅದನ್ನ ಒತ್ತಿ. ಮೂರು ಸಾಲು ಬತ್ತವೆ. ಕೊನೇದು ಒತ್ತಿ. ಗಂಟೆ ಮ್ಯಾಲೆ ಗೀಟು ಬಿತ್ತಾ? ಅಷ್ಟೇ. ಇನ್ಮೇಲೆ ನೆಮ್ಮದಿ.”

ಅದನ್ನು ಕೇಳುತ್ತ ಒತ್ತುತ್ತ ಬಂದವರೆಲ್ಲ ಆ ಹೊತ್ತಿನಲ್ಲಿ ಯಾವ ಗುಂಪಿನೊಳಗೆ ನಿಂತಿದ್ದರು, ಅವರ ಕಣ್ಣೆದುರು ಮೇಲ್ಗಡೆ ಕಾಣುತ್ತಿದ್ದದ್ದು ಯಾವ ಹೆಸರು ಎಂದು ಲಕ್ಷ್ಮೀಪತಿ ಯೋಚಿಸಲಿಲ್ಲ. ಬೇರೆ ಗುಂಪಿಗೆ ಮೊದಲು ಹೋಗಿ ಎಂದು ಹೇಳುವುದು ಬಿಟ್ಟುಹೋಗಿತ್ತು. ಅವನು ಒತ್ತಿ ಎಂದ; ಊರು ಒತ್ತಿತು.

ಅವನ ಯಾವ ಸಮಾಚಾರಕ್ಕೂ ಅಷ್ಟು ಹೆಬ್ಬೆಟ್ಟು ಬಂದಿರಲಿಲ್ಲ. ಚಂದ್ರಲೇಖಾಗೂ ತೋರಿಸಿದ. ಅವಳು ನೋಡಿ, “ಪರವಾಗಿಲ್ವೇ,” ಎಂದಳು. ಅವಳ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು.

ಅದಾದ ಮೇಲೆ ದೂರುಗಳು ನಿಂತವು. ಮುನೀಶ್ ತಮಾಷೆ ಮಾಡುವುದನ್ನೂ ಬಿಟ್ಟ. ಕೆಲಮಂಗಲದ ಸಂತೆಗೆ ಬಂದಿದ್ದ ಅಶ್ವತ್ಥಪ್ಪ ಅಂಗಡಿಯ ಬೆಂಚಿನ ಮೇಲೆ ಕೂತು, ಕಾಫಿ ಕುಡಿದು, ತೃಪ್ತಿಯಿಂದ ಹೇಳಿದ:

“ಈಗ ಸುಖ ಆಗೋಯ್ತು ಕಣ್ಲಾ. ಮೊದ್ಲು ಕೆಲ್ಸದ ನಡುವೆ ಕೂಗೋದು, ಹಸು ಕರೀತಿರೋವಾಗ ಕೂಗೋದು. ಈಗ ಸದ್ದಿಲ್ಲ, ಸುದ್ದಿಲ್ಲ. ಸಾಯಂಕಾಲ ಉಂಡ್ಬುಟ್ಟು ನಾನು ನಿಮ್ಮತ್ತೆ ಕೂತ್ಕಂಡು ನಿಂದೆಲ್ಲಾ ಒಟ್ಟಿಗೆ ಕೇಳ್ತೀವಿ. ಅವಳಿಗೆ ಆ ಚಾಪೆ ಟಿವಿದು ಬಲೇ ಇಷ್ಟ ಆಗೈತೆ. ಬಂದ್ರೆ ಹೇಳು ಅಂದವ್ಳೆ.”

“ಕೆಲಮಂಗಲಕ್ಕೆ ಬರೋಕೆ ಒಸಿ ಟೈಮ್ ಆಗ್ತದೆ ಮಾವ.”

“ಆಗ್ಲಿ ಬಿಡು. ನಾವೆಲ್ಲಿಗೆ ಹೋಗ್ತೀವಿ?”

ಅಷ್ಟು ಹೊತ್ತು ಮಾತಾಡಿದರೂ, ಸದ್ದಿಲ್ಲ ಎಂದರೆ ಯಾವ ಸದ್ದಿಲ್ಲ ಎಂದು ಲಕ್ಷ್ಮೀಪತಿ ಕೇಳಲಿಲ್ಲ. ‘ನಿಂದೆಲ್ಲಾ ಕೇಳ್ತೀವಿ’ ಎಂದಿದ್ದು ಮಾತ್ರ ಅವನ ಕಿವಿಯಲ್ಲಿತ್ತು. ಹೋಗುವಾಗ ಅಶ್ವತ್ಥಪ್ಪ ಆಕಾಶ ನೋಡಿ, “ಈ ವರ್ಷ ಆನೆ ಇನ್ನೂ ಈ ಕಡೆ ತಲೆ ಹಾಕಿಲ್ಲ, ಪುಣ್ಯ,” ಎಂದ. ಅದು ಆಗಿನ್ನೂ ನಿಜವೇ ಆಗಿತ್ತು.

ಮಾರ್ಗಳಿ ಎಂದು ಆ ಕಡೆ ಕರೆಯುವ ಧನುರ್ಮಾಸದ ಮಂಜು ಇಳಿಯಿತು. ಒಂದು ಬೆಳಗ್ಗೆ ಲಕ್ಷ್ಮೀಪತಿ ಕೆಲಮಂಗಲದ ಮನೆಯ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದಾಗ ಫೋನು ‘ಟಿಂಗ್’ ಎಂದಿತು. ಗುಂಪು ಕಟ್ಟಿದವನಾದ್ದರಿಂದ ಅವನು ಗಂಟೆಯ ಮೇಲೆ ಗೀಟು ಹಾಕಿಕೊಂಡಿರಲಿಲ್ಲ. ಬಚ್ಚಪ್ಪನ ದನಿ, ಏದುಸಿರಿನ ನಡುವೆ:

“ಒಂಟಿ ಸಲಗ ಇಳಿದೈತೆ. ಕೆರೆ ಏರಿ ಹತ್ರ ನಿಂತೈತೆ. ಯಾರೂ ಏರಿ ಮ್ಯಾಲೆ ಬರ್ಬ್ಯಾಡ್ರಪ್ಪೋ. ಹಾಲಿನೋರು ಮನೇಲೇ ನಿಲ್ರಿ.”

ಬಾಯಲ್ಲಿ ಬ್ರಷ್ಷು ಇದ್ದಂತೆಯೇ ಲಕ್ಷ್ಮೀಪತಿ ಒಂದು ಹೆಬ್ಬೆಟ್ಟು ಹಾಕಿದ. ಎಲ್ಲೋ ಕಾಡಿನ ಅಂಚಿನಲ್ಲಿ ಒಬ್ಬ ಮಾತಾಡಿದರೆ ಇಡೀ ಊರು ಏಕಕಾಲಕ್ಕೆ ನಿಂತುಬಿಡುತ್ತದಲ್ಲ, ಇದು ನಾನು ಮಾಡಿದ್ದು ಎಂಬ ಹೆಮ್ಮೆ ಅವನ ಎದೆಯಲ್ಲಿ ಬೆಚ್ಚಗೆ ಏರಿತು. ಬಾಯಿ ತೊಳೆದು, ಅದೇ ಉತ್ಸಾಹದಲ್ಲಿ, ಬಚ್ಚಪ್ಪನ ದನಿಯ ಕೆಳಗೆ ಅಂದಿನ ಸಮಾಚಾರವನ್ನೂ ಹಾಕಿದ: ನೀರಿಗೆ ಬಿದ್ದರೂ ಏನೂ ಆಗದ ಫೋನು ಬಂದಿದೆ, ಎಂದು.

ಅಂಗಡಿಯ ಬಾಗಿಲು ಎತ್ತುವ ಹೊತ್ತಿಗೆ ಬಚ್ಚಪ್ಪನ ಫೋನು ಬಂತು. ಈ ಸಲ ಗುಂಪಿಗಲ್ಲ, ಅವನಿಗೇ.

“ಅಣ್ಣ... ಮೇಲ್ಬೀದಿ ಅಶ್ವತ್ಥಪ್ಪ ಹೋಗ್ಬುಟ್ಟ.”

“ಎಲ್ಲಿಗೆ?” ಎಂದ ಲಕ್ಷ್ಮೀಪತಿ. ಆ ಪ್ರಶ್ನೆ ಆಮೇಲೆ ಎಷ್ಟೋ ದಿನ ಅವನ ಬಾಯಲ್ಲಿ ಕಹಿಯಾಗಿ ಉಳಿಯಿತು.

“ಏರಿ ಮ್ಯಾಲೆ ಬಂದ ಅಣ್ಣ. ಮಂಜು. ಕ್ಯಾನು ಸದ್ದು ಕೇಳ್ತು, ಆಳು ಕಾಣ್ತಿರ್ಲಿಲ್ಲ. ಈ ಕಡೆಯಿಂದ ಕೂಗ್ದೆ, ಕೂಗ್ದೆ... ಗುಂಪಿಗೆ ಹಾಕಿದ್ನಲ್ಲ, ಎಲ್ರೂ ಕೇಳಿರ್ತಾರೆ ಅಂತ ಇದ್ದೆ. ಯಾಕಣ್ಣ ಕೇಳ್ನಿಲ್ಲ ಅವನು?”

ಲಕ್ಷ್ಮೀಪತಿಗೆ ಗೊತ್ತಿರಲಿಲ್ಲ.

ಮಣ್ಣಾಯಿತು. ಹಾಲುತುಪ್ಪದ ಹಿಂದಿನ ದಿನ ಮುನೀಶ್ ಬಂದು, ‘ಕಣ್ಣೀರ್ ಅಂಜಲಿ’ ಎಂದು ತಮಿಳಿನಲ್ಲಿ ಬರೆದು, ಫೋಟೊ ಹಾಕಿ, ಬಸ್ಸು ನಿಲ್ಲುವ ಕಡೆ ಕಟ್ಟಲು ಒಂದು ಬ್ಯಾನರ್ ಮಾಡಿಸಬೇಕು ಎಂದ. ಅಂಥ ಬ್ಯಾನರಿಲ್ಲದೆ ಆ ಕಡೆ ಯಾರೂ ಪೂರ್ತಿ ಸತ್ತಂತಾಗುವುದಿಲ್ಲ. ಅಶ್ವತ್ಥಪ್ಪನ ಫೋಟೊ ಬೇಕಿತ್ತು. ಇದ್ದದ್ದು ಒಂದೇ, ಅವನ ಫೋನಿನೊಳಗೆ.

ಲಕ್ಷ್ಮೀಪತಿ ಹುಣಸೆದೊಡ್ಡಿಗೆ ಹೋದ. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಪಾರ್ವತಮ್ಮ ಅವನನ್ನು ನೋಡಿ ಅಳಲಿಲ್ಲ. ಬಂದವರಿಗೆಲ್ಲ ಅತ್ತು ಮುಗಿದಿತ್ತು. ದೇವರ ಗೂಡಿನ ಕಡೆ ಕೈ ತೋರಿಸಿದಳು.

“ತಗೊಳ್ಳಪ್ಪ. ನೀನೇ ತಗಿ. ನಂಗೆ ಮುಟ್ಟೋಕೆ ಆಗ್ತಿಲ್ಲ.”

ಫೋನಿನ ಬೆನ್ನಿನ ಮೇಲೆ ಕಳೆದ ಶುಕ್ರವಾರದ ಕುಂಕುಮ ಇನ್ನೂ ಇತ್ತು. ಅವನು ಒತ್ತಿದ. ಕಣ್ಣಿಗೆ ಮೊದಲು ಬಿದ್ದದ್ದು ಫೋಟೊ ಅಲ್ಲ. ‘ಆನೆ ಹುಣಸೆದೊಡ್ಡಿ’, ಅದರ ಪಕ್ಕದಲ್ಲಿ ಒಂದು ಪುಟ್ಟ ಗಂಟೆ, ಗಂಟೆಯ ಮೇಲೆ ಓರೆಯಾಗಿ ಒಂದು ಗೀಟು.

ಅವನು ಗುಂಪಿನೊಳಗೆ ಹೋದ. ಬಚ್ಚಪ್ಪನ ದನಿ, ಕೇಳದೆ ಉಳಿದಿತ್ತು. ಅದರ ಕೆಳಗೆ ತನ್ನದೇ ಹೆಬ್ಬೆಟ್ಟು. ಅದರ ಕೆಳಗೆ, ನೀರಿಗೆ ಬಿದ್ದರೂ ಏನೂ ಆಗದ ಫೋನಿನ ಸಮಾಚಾರ. ಅದೂ ಕೇಳದೆ ಉಳಿದಿತ್ತು. ಮೇಲಕ್ಕೆ ಸರಿಸುತ್ತ ಹೋದರೆ ಹಿಂದಿನದೆಲ್ಲವನ್ನೂ, ಒಂದನ್ನೂ ಬಿಡದೆ, ಅಶ್ವತ್ಥಪ್ಪ ಕೇಳಿದ್ದ.

“ಏನಪ್ಪ, ಸಿಕ್ಲಿಲ್ವಾ?”

“ಸಿಗ್ತದೆ ಅತ್ತೆ.”

“ನೀನು ಹೇಳಿದ್ದು ಒಂದೂ ಬಿಡ್ತಿರ್ಲಿಲ್ಲ ಕಣಪ್ಪ ಅವ್ರು. ದಿಂಬಿನ ಕೆಳಗೆ ಇಕ್ಕಬ್ಯಾಡ ಅಂದೆ, ಚಾರ್ಜಿಗೂ ಗೂಡಲ್ಲೇ ಇಕ್ತಿದ್ರು. ಬ್ಯಾಂಕಿನೋನು ಅಂತ ಯಾರೋ ಮಾತಾಡಿದ್ನಲ್ಲ, ನಿನ್ನ ಮ್ಯಾನೇಜರ್ ಹೆಸ್ರು ಹೇಳ್ಲಾ ಅಂತ ಗದರಿಕಂಡ್ರು.” ಪಾರ್ವತಮ್ಮನ ಮುಖದಲ್ಲಿ ಒಂದು ಗಳಿಗೆ ನಗುವಿನಂಥದ್ದೇನೋ ಬಂದು ಹೋಯಿತು. “ಆ ಗಂಟೆ ಒತ್ತೋದು ಹೇಳ್ಕೊಟ್ಯಲ್ಲ, ಅವತ್ತು ಅವ್ರ ಬೆರಳಿಗೆ ಗುಲಾಬಿ ಮುಳ್ಳು ಹೊಕ್ಕಿ ಬಟ್ಟೆ ಸುತ್ಕಂಡಿದ್ರು. ಬಟ್ಟೆಲಿ ಒತ್ತಿದ್ರೆ ಅದು ಎಲ್ಲಿ ಕೇಳ್ತದೆ? ನೀನೇ ಒತ್ತೇ ಅಂದ್ರು. ನಾನೇ ಒತ್ತಿದ್ದು. ಒಂದೇ ಸಲಕ್ಕೆ ಬಂತು. ಸರಿಯಾಗಿ ಒತ್ತಿದ್ದೀನಾ ನೋಡು.”

ಲಕ್ಷ್ಮೀಪತಿ ಫೋನಿನಿಂದ ತಲೆ ಎತ್ತಲಿಲ್ಲ.

“ಸರಿಯಾಗೇ ಒತ್ತಿದ್ದೀರ ಅತ್ತೆ.”

ಹೊರಗೆ ಅಶ್ವತ್ಥಪ್ಪನ ಹಸು, ಕರೆಯುವ ಹೊತ್ತಾದರೂ ಯಾರೂ ಬಾರದ್ದಕ್ಕೆ, ಒಂದೇ ಸಮನೆ ಕೂಗುತ್ತಿತ್ತು. ಪಾರ್ವತಮ್ಮ ಆ ಕಡೆ ತಿರುಗಿ ನೋಡಿದಳು. ಆಮೇಲೆ ಕೇಳಿದಳು.

“ಮತ್ತೆ ಯಾಕಪ್ಪ ಅವತ್ತು ಅದು ಕೂಗ್ಲಿಲ್ಲ? ಹೋದ ವರ್ಷ ಕೂಗಿತ್ತಲ್ಲ. ಇವ್ರು ಹೊಸಿಲ ಹತ್ರ ನಿಂತು ಗೂಡಿನ ಕಡೆ ಒಂದ್ಸಲ ನೋಡಿದ್ರು ಕಣಪ್ಪ. ಸದ್ದಿಲ್ಲ, ಬತ್ತೀನಿ ಅಂದು ಹೋದ್ರು. ಯಾಕೆ ಕೂಗ್ಲಿಲ್ಲ ಅದು?”

ಹೇಳುವುದಾದರೆ ಎರಡು ಮಾತು ಸಾಕಿತ್ತು. ಆ ಎರಡು ಮಾತು ಮೊದಲು ಅವನನ್ನು ಮುಟ್ಟಿ, ಆಮೇಲೆ ಅವಳ ಬೆರಳಿನ ಮೇಲೆ ಹೋಗಿ ಕೂರುತ್ತಿದ್ದವು; ಕೂತರೆ ಅವಳು ಬದುಕಿರುವ ತನಕ ಏಳುತ್ತಿರಲಿಲ್ಲ. ಅವನು ಅವಳ ಕೈ ನೋಡಿದ. ಬಳೆ ಇಲ್ಲದ ಕೈ, ಮೊಣಕಾಲಿನ ಮೇಲೆ ಅಂಗಾತ ಬಿದ್ದಿತ್ತು.

“ಟವರ್ ಇರ್ಲಿಲ್ಲ ಅತ್ತೆ,” ಎಂದ. “ಮಂಜಿಗೆ ಹಂಗಾಗ್ತದೆ.”

ಎಷ್ಟೋ ತಿಂಗಳು ದಿನಕ್ಕೆರಡು ಸಮಾಚಾರ ಹೇಳಿದ ಲಕ್ಷ್ಮೀಪತಿ ತಿಳಿದೂ ತಿಳಿದೂ ಹೇಳಿದ ಮೊದಲ ಸುಳ್ಳು ಸಮಾಚಾರ ಅದು.

“ಹಂಗಾದ್ರೆ ಯಾರನ್ನ ಅಂದು ಏನು,” ಎಂದಳು ಪಾರ್ವತಮ್ಮ.

ಅವನು ಗುಂಪಿನ ಹೆಸರು ಒತ್ತಿ, ಗಂಟೆ ಒತ್ತಿ, ಗೀಟು ತೆಗೆದ. ಫೋಟೊ ಹುಡುಕಿದ. ಅಶ್ವತ್ಥಪ್ಪ ತನಗೆ ತಾನೇ ಹಿಡಿದುಕೊಂಡ ಫೋಟೊ. ಅರ್ಧ ಮುಖ, ಅರ್ಧ ಹಸು. ಅಂಗಡಿಗೆ ಬಂದು ಕಂಪ್ಯೂಟರಿನಲ್ಲಿ ಹಸುವನ್ನು ಅ‌ಳಿಸಿ, ಹಿಂದೆ ನೀಲಿ ಆಕಾಶ ಹಾಕಿ, ಹೆಗಲು ಇಲ್ಲದ ಕಡೆ ಬೇರೆ ಯಾರದೋ ಬಿಳಿ ಅಂಗಿಯ ಹೆಗಲು ಜೋಡಿಸಿದ. ಬ್ಯಾನರ್ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೇಳಿದರು.

ಆದರೆ ಗೀಟು ಒಂದು ಮನೆಯದಲ್ಲ. ಊರಿನ ಎಲ್ಲ ಫೋನುಗಳಲ್ಲೂ ಇರಬೇಕು. ತೆಗೆಯುವುದು ಹೇಗೆಂದು ಗುಂಪಿನಲ್ಲಿ ಹೇಳೋಣವೆಂದರೆ ಸದ್ದಾಗುವುದಿಲ್ಲ; ಸಂಜೆ ಒಟ್ಟಿಗೆ ಕೇಳಿದರೆ, ಕೇಳಿದವರಿಗೆಲ್ಲ ತಾವು ಒತ್ತಿದ್ದು ಏನೆಂದು ತಿಳಿಯುತ್ತದೆ. ಪಾರ್ವತಮ್ಮನಿಗೂ ತಿಳಿಯುತ್ತದೆ. ಅವನು ಚಂದ್ರಲೇಖಾಗೆ ಎಲ್ಲವನ್ನೂ ಹೇಳಿದ. ಅವಳು ಈ ಸಲ ಏನೂ ಚುಚ್ಚಲಿಲ್ಲ. “ಮನೆಮನೆಗೆ ಹೋಗಿ ಬನ್ನಿ. ಅಂಗಡಿ ನಾನು ನೋಡ್ಕತೀನಿ,” ಎಂದಳು.

ಲಕ್ಷ್ಮೀಪತಿ ಮನೆಮನೆಗೆ ಹೋದ. “ಟವರ್ ಸಮಸ್ಯೆ ಐತಲ್ಲ, ಒಸಿ ಸೆಟ್ಟಿಂಗ್ ಸರಿ ಮಾಡ್ಬೇಕು, ಫೋನು ಕೊಡಿ,” ಎನ್ನುವುದು, ತಿರುಗಿ ನಿಂತು ಗೀಟು ತೆಗೆಯುವುದು, ಕೊಡುವುದು. ಕೆಲವರು ಕಾಫಿ ಕೊಟ್ಟರು. ಮುನಿವೆಂಕಟಪ್ಪ, “ಪಾಪ, ಅಂಗಡಿ ಬಿಟ್ಟು ಊರಿಗೋಸ್ಕರ ತಿರುಗ್ತಾ ಅವ್ನೆ,” ಎಂದು ಮೂರು ಭಾಷೆಯಲ್ಲೂ ಹೊಗಳಿದ. ಹೊಗಳಿಕೆ ಕೇಳಿ ಅವನಿಗೆ ಮೊದಲ ಸಲ ಅಲ್ಲಿಂದ ಎದ್ದು ಹೋಗಬೇಕೆನಿಸಿತು.

ಮುನೀಶ್ ಮಾತ್ರ ಫೋನು ಕೈಗೆ ಕೊಡಲಿಲ್ಲ. ತಾನೇ ತೆರೆದು ತೋರಿಸಿದ. ಗೀಟು ಆಗಲೇ ಹೋಗಿತ್ತು.

“ನಂದು ನಾನೇ ತೆಗೆದೆ ಅಣ್ಣ. ಉಳಿದೋರು ಗೊತ್ತಿಲ್ದೆ ಒತ್ತಿದ್ರು. ನಾನು ಬೇಕಂತ್ಲೇ ಒತ್ತಿದ್ದು. ನಿನ್ನ ದನಿ ಬ್ಯಾಡ ಅಂತ.” ನೆಲ ನೋಡಿದ. “ಆನೆನೂ ಅದ್ರಾಗೇ ಐತೆ ಅಂತ ಹೊಳೀಲಿಲ್ಲ.”

ಲಕ್ಷ್ಮೀಪತಿ ಹೊರಡಲು ಚಪ್ಪಲಿ ಮೆಟ್ಟಿದ.

“ಮಾವಯ್ಯಂದೂ ಹಂಗೇ ಇತ್ತಾ?”

ಲಕ್ಷ್ಮೀಪತಿ ಮುಖ ತಿರುಗಿಸಿದ. ಮುನೀಶ್‌ಗೆ ಅಷ್ಟು ಸಾಕಾಯಿತು.

“ಅತ್ತೆಗೆ ಗೊತ್ತಾ?”

“ಟವರ್ ಇರ್ಲಿಲ್ಲ ಅಂದಿವ್ನಿ.”

“ಹೂಂ. ಇರ್ಲಿಲ್ಲ,” ಎಂದ ಮುನೀಶ್. “ಯಾರ್ ಕೇಳಿದ್ರೂ ನಾನೂ ಅದೇ ಹೇಳ್ತೀನಿ. ಇರ್ಲೇ ಇಲ್ಲ.”

ಕೊನೆಗೆ ಲಕ್ಷ್ಮೀಪತಿ ಗುಂಪಿನ ಸೆಟ್ಟಿಂಗಿಗೆ ಹೋದ. ಒಬ್ಬರು ಮಾತ್ರ ಮಾತಾಡುವಂತೆ, ಉಳಿದವರೆಲ್ಲ ಬರೀ ಕೇಳುವಂತೆ ಮಾಡುವ ಏರ್ಪಾಡು ಅಲ್ಲಿ ಮೊದಲಿನಿಂದಲೂ ಇತ್ತು. ಅದರ ಬಗ್ಗೆ ಬೇಸಿಗೆಯಲ್ಲಿ ಅವನೇ ಒಂದು ಸಮಾಚಾರ ಹೇಳಿದ್ದ. ಆ ಒಬ್ಬನ ಜಾಗದಲ್ಲಿ ಬಚ್ಚಪ್ಪನನ್ನು ಇಟ್ಟು, ತನ್ನನ್ನು ತೆಗೆದ.

ಸಂಕ್ರಾಂತಿಯ ಹಿಂದಿನ ಸಂತೆಗೆ ಪಾರ್ವತಮ್ಮ ಕೆಲಮಂಗಲಕ್ಕೆ ಬಂದವಳು ಅಂಗಡಿಯ ಬೆಂಚಿನ ಮೇಲೆ ಕೂತಳು. ಅವರೆಕಾಯಿಯ ಕವರು ಪಕ್ಕಕ್ಕಿಟ್ಟಳು.

“ಯಾಕಪ್ಪ, ಈಗ ನೀನು ಏನೂ ಹೇಳಲ್ಲ? ಸಾಯಂಕಾಲ ಫೋನು ಇಟ್ಕಂಡು ಕೂರ್ತೀನಿ. ಏನೂ ಬರಾಕಿಲ್ಲ. ಹಳೇದನ್ನೇ ಒತ್ತಿ ಒತ್ತಿ ಕೇಳ್ತೀನಿ. ಆ ಚಾಪೆ ಟಿವಿ ಬಂತಾ?”

“ಇಲ್ಲ ಅತ್ತೆ, ಇನ್ನೂ ಬಂದಿಲ್ಲ.”

“ಬಂದ್ರೆ ಹೇಳು. ಸುಮ್ನೆ ಹೇಳು, ಕೇಳೋಕೆ.”

“ಅಂಗಡೀಲಿ ಕೆಲ್ಸ ಜಾಸ್ತಿ ಆಗೋಯ್ತು ಅತ್ತೆ,” ಎಂದ ಲಕ್ಷ್ಮೀಪತಿ. ಅಂಗಡಿಯಲ್ಲಿ ಅವರಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ.

ಆ ವಾರವೇ ಒಂದು ಬೆಳಗ್ಗೆ ಸಲಗ ಮತ್ತೆ ಇಳಿಯಿತು. ಬಚ್ಚಪ್ಪ ಗುಂಪಿನಲ್ಲಿ ಹೇಳಿದ. ಊರಿನ ಎಲ್ಲ ಫೋನುಗಳೂ ಸದ್ದು ಮಾಡಿದವು. ಏರಿಯ ಮೇಲೆ ಯಾರೂ ಹೋಗಲಿಲ್ಲ. ಆನೆ ಮುನಿವೆಂಕಟಪ್ಪನ ರಾಗಿ ಮೆದೆ ತಿಂದು ಕಾಡಿಗೆ ಹಿಂತಿರುಗಿತು.